ಸಹೋದ್ಯೋಗಿಗಳನ್ನು ಸೈಕಲ್ ಹತ್ತಿಸುವುದು ಹೇಗೆ: ಬೆಂಗಳೂರಿನ ಆಫೀಸುಗಳಿಗೊಂದು ಕೈಪಿಡಿ

ಆಫೀಸಿಗೆ ಸೈಕಲ್ಲಿನಲ್ಲಿ ಬರಬೇಕು ಅನ್ನುವ ಆಸೆ ಬೆಂಗಳೂರಿನಲ್ಲಿ ಬಹಳ ಜನಕ್ಕಿದೆ. ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಧೂಳು ಹಿಡಿದು ನಿಂತಿರುವ ಗೇರ್ ಸೈಕಲ್ಲುಗಳೇ ಅದಕ್ಕೆ ಸಾಕ್ಷಿ. ಕೊಂಡಿದ್ದಾಯಿತು, ಎರಡು ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ ಬಂದದ್ದೂ ಆಯಿತು, ಆಮೇಲೆ ಟೈರಿನ ಗಾಳಿ ಇಳಿಯಿತು. ಇಂಥವರಿಗೆ ಆರೋಗ್ಯ, ಪರಿಸರ, ಪೆಟ್ರೋಲ್ ಉಳಿತಾಯ ಎಂದು ಉಪದೇಶ ಮಾಡಿ ಪ್ರಯೋಜನವಿಲ್ಲ. ಅದೆಲ್ಲ ಅವರಿಗೆ ಗೊತ್ತಿರುವುದೇ. ಅವರನ್ನು ತಡೆದಿರುವುದು ಬೆವರು, ಪಂಚರ್, ಸಂಜೆಯ ಮಳೆ, ಲಾರಿಗಳ ಭಯ, ಗೇಟಿನಲ್ಲಿ ‘ಇಲ್ಲಿ ನಿಲ್ಲಿಸಬೇಡಿ ಸಾರ್’ ಅನ್ನುವ ಸೆಕ್ಯುರಿಟಿ. ಇವುಗಳನ್ನು ಒಂದೊಂದಾಗಿ ದಾರಿಯಿಂದ ಎತ್ತಿಡುವುದೇ ನಿಮ್ಮ ಕೆಲಸ.

ಈಗಾಗಲೇ ಬರುತ್ತಿರುವವರನ್ನು ಮೊದಲು ಎಣಿಸಿ

‘ನಮ್ಮ ಆಫೀಸಿಗೆ ಯಾರೂ ಸೈಕಲ್ಲಿನಲ್ಲಿ ಬರುವುದಿಲ್ಲ’ ಎಂದು ತೀರ್ಮಾನಿಸುವ ಮೊದಲು ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಕಟ್ಟಡದ ಹಿಂದೆ ಒಂದು ಸುತ್ತು ಹಾಕಿ. ಜನರೇಟರ್ ಪಕ್ಕದಲ್ಲೋ ಕಾಂಪೌಂಡಿಗೆ ಆನಿಸಿಯೋ ನಾಲ್ಕಾರು ಸಾದಾ ಸೈಕಲ್ಲುಗಳು ಕಂಡಾವು. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್, ತೋಟದ ಕೆಲಸದವರಲ್ಲಿ ಅನೇಕರು ಪ್ರತಿದಿನ ಮಳೆಬಿಸಿಲೆನ್ನದೆ ಸೈಕಲ್ ತುಳಿಯುವವರು. ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಯಾವ ತಿರುವಿನಲ್ಲಿ ನಾಯಿಗಳ ಕಾಟ, ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆಯುವ ಪಂಚರ್ ಅಂಗಡಿ ಯಾವುದು — ಈ ಮಾಹಿತಿ ಯಾವ ಆ್ಯಪಿನಲ್ಲೂ ಸಿಗದು, ಇವರ ಹತ್ತಿರ ಸಿಗುತ್ತದೆ.

ಮುಂದೆ ಸ್ಟ್ಯಾಂಡ್ ಮಂಜೂರಾದರೆ ಅದು ಇವರಿಗೂ ಸೇರಬೇಕು. ಐಡಿ ಕಾರ್ಡಿನ ಬಣ್ಣ ನೋಡಿ ಒಳಗೆ ಬಿಡುವ ಸೈಕಲ್ ಸ್ಟ್ಯಾಂಡ್ ಅನ್ಯಾಯವಂತೂ ಹೌದು, ತಂತ್ರವಾಗಿಯೂ ದಡ್ಡತನ: ಮೊದಲ ತಿಂಗಳು ಅದು ಖಾಲಿ ಹೊಡೆಯುತ್ತದೆ, ಆಡಳಿತದವರು ‘ನೋಡಿ, ಯಾರಿಗೂ ಬೇಕಿಲ್ಲ’ ಎಂದು ಅದನ್ನು ಕಿತ್ತು ಹಾಕುತ್ತಾರೆ.

ಯಾರನ್ನು ಕೇಳಬೇಕು

ಎಲ್ಲರಿಗೂ ಇಮೇಲ್ ಕಳಿಸಬೇಡಿ. ಆಫೀಸಿನಿಂದ ಮೂರರಿಂದ ಎಂಟು ಕಿಲೋಮೀಟರ್ ಒಳಗೆ ಮನೆ ಇರುವ, ಹಿಂದೆ ಸೈಕಲ್ ತುಳಿದ ಅಭ್ಯಾಸವಿರುವ ನಾಲ್ಕೈದು ಜನರನ್ನು ಆರಿಸಿಕೊಳ್ಳಿ. ಮನೆಯಲ್ಲಿ ಈಗಾಗಲೇ ಸೈಕಲ್ ಇದ್ದರೆ ಇನ್ನೂ ಒಳ್ಳೆಯದು. ಹದಿನೈದು ಕಿಲೋಮೀಟರ್ ದೂರದ ಉತ್ಸಾಹಿಗಿಂತ ಐದು ಕಿಲೋಮೀಟರ್ ದೂರದ ಅರೆಮನಸ್ಸಿನವರೇ ಮೇಲು. ಉತ್ಸಾಹಿ ಮೂರನೇ ವಾರಕ್ಕೆ ಸುಸ್ತಾಗುತ್ತಾನೆ.

ಸಮಯದ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ವಾಹನ ದಟ್ಟಣೆ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ಕೇಂದ್ರ ಭಾಗದಲ್ಲಿ 10 ಕಿ.ಮೀ. ದಾಟಲು ಕಾರಿಗೆ ಸರಾಸರಿ 29 ನಿಮಿಷ ಬೇಕಿತ್ತು. ಹೊಸದಾಗಿ ತುಳಿಯುವವರ ವೇಗ ಸಿಗ್ನಲ್‌ಗಳನ್ನೂ ಸೇರಿಸಿ ಗಂಟೆಗೆ 12ರಿಂದ 15 ಕಿ.ಮೀ.; ಅಂದರೆ ಅದೇ 10 ಕಿ.ಮೀ.ಗೆ 40–50 ನಿಮಿಷ. ಹಾಗಾಗಿ ‘ಸೈಕಲ್ ಬೇಗ ತಲುಪಿಸುತ್ತದೆ’ ಅನ್ನುವ ಮಾತು ಎಲ್ಲರಿಗೂ ನಿಜವಲ್ಲ. ನಿಜವಾದ ಲಾಭ ಬೇರೆ: ಸೋಮವಾರವಾಗಲಿ ಶುಕ್ರವಾರವಾಗಲಿ ಸೈಕಲ್ಲಿಗೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಕಾರಿನವರಿಗೆ ಇಪ್ಪತ್ತು ನಿಮಿಷವೋ ಎಪ್ಪತ್ತೋ ಎಂಬ ಗ್ಯಾರಂಟಿ ಇಲ್ಲ. ನಾಲ್ಕೈದು ಕಿಲೋಮೀಟರಿನ ದೂರಕ್ಕೆ, ಹೊರವರ್ತುಲ ರಸ್ತೆಯ ಪೀಕ್ ಹೊತ್ತಿನಲ್ಲಿ, ಸೈಕಲ್ಲೇ ಮುಂದೆ ಇದ್ದರೆ ಆಶ್ಚರ್ಯವಿಲ್ಲ.

ಕೇಳುವ ಮಾತೂ ಮುಖ್ಯ. ‘ನೀವೂ ಸೈಕಲ್ ಶುರು ಮಾಡಿ’ ಅಂದರೆ ‘ಮಾಡೋಣ’ ಎಂದು ನಗುತ್ತಾರೆ, ಅಲ್ಲಿಗೆ ಮುಗಿಯಿತು. ‘ಗುರುವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಮನೆ ಹತ್ತಿರ ಬರ್ತೀನಿ, ಒಟ್ಟಿಗೆ ಹೋಗೋಣ’ ಅಂದರೆ ಹೌದು ಅಥವಾ ಇಲ್ಲ ಅನ್ನಲೇಬೇಕು.

ಮೂಲೆ ಸೇರಿದ ಸೈಕಲ್ಲನ್ನು ಎಬ್ಬಿಸುವುದು

ಹೊಸ ಸೈಕಲ್ ಕೊಳ್ಳಲು ಯಾರಿಗೂ ಹೇಳಬೇಡಿ, ಮೊದಲ ಎರಡು ತಿಂಗಳು ಖಂಡಿತ ಬೇಡ. ಇರುವುದನ್ನು ರಿಪೇರಿ ಮಾಡಿಸಿ, ಇಲ್ಲದಿದ್ದರೆ ಗುಂಪಿನಲ್ಲೇ ಎರವಲು ಕೊಡಿ. ಮೈಸೂರಿನ ಆಫೀಸುಗಳವರಿಗೆ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲಿನ ಅನುಕೂಲವಿದೆ.

ವರ್ಷಗಟ್ಟಲೆ ನಿಂತ ಸೈಕಲ್ಲನ್ನು ಈ ಕ್ರಮದಲ್ಲಿ ನೋಡಿ.

ಮೊದಲು ಟೈರು. ಗಾಳಿ ಇಲ್ಲದೆ ತಿಂಗಳುಗಟ್ಟಲೆ ನಿಂತರೆ ಟೈರಿನ ಪಕ್ಕದ ಗೋಡೆ ನೆಲಕ್ಕೂ ರಿಮ್ಮಿಗೂ ನಡುವೆ ಮಡಚಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೂಲು ಕಂಡರೆ ಟೈರು ಬದಲಿಸಬೇಕು, ವಾದವಿಲ್ಲ. ಚೆನ್ನಾಗಿದ್ದರೆ ಗಾಳಿ ಹೊಡೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಟ್ಯೂಬ್ ಬದಲಿಸಿ. ಹಳೇ ಟ್ಯೂಬಿಗೆ ಪ್ಯಾಚ್ ಮೇಲೆ ಪ್ಯಾಚ್ ಹಾಕಿ ಹೊಸಬರನ್ನು ರಸ್ತೆಗೆ ಇಳಿಸಬೇಡಿ.

ಗಾಳಿ ಎಷ್ಟು? ಟೈರಿನ ಪಕ್ಕದಲ್ಲೇ ಮಿತಿ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 26 ಅಥವಾ 27.5 ಇಂಚಿನ ದಪ್ಪ ಎಂಟಿಬಿ (ಮೌಂಟನ್ ಬೈಕ್) ಟೈರಿಗೆ 40–50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 700×35 ಅಳತೆಯ ಹೈಬ್ರಿಡ್ ಟೈರಿಗೆ 55–70 ಪಿಎಸ್‌ಐ. ತೂಕದವರಿಗೆ ಮೇಲಿನ ಅಂಕಿ. ನಮ್ಮೂರಿನ ಗುಂಡಿಗಳಲ್ಲಿ ಬಹಳಷ್ಟು ಪಂಚರ್ ಆಗುವುದು ಮೊಳೆ ಚುಚ್ಚಿ ಅಲ್ಲ, ಗಾಳಿ ಕಡಿಮೆ ಇದ್ದು. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಅಂಥ ತೂತು ಕಂಡರೆ ಪ್ಯಾಚ್ ಹಾಕಿದ ಮೇಲೆ ಗಾಳಿ ಹೆಚ್ಚಿಸಿ. ವಾರಕ್ಕೊಮ್ಮೆ ಗಾಳಿ ನೋಡುವ ಅಭ್ಯಾಸ ಮಾಡಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ವಾಲ್ವ್ ಯಾವುದೆಂದೂ ನೋಡಿಕೊಳ್ಳಿ: ಬೈಕು, ಕಾರಿನಂಥ ದಪ್ಪ ಮೂತಿಯ ಶ್ರೇಡರ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹೊಡೆಸಬಹುದು, ತೆಳು ಮೂತಿಯ ಪ್ರೆಸ್ಟಾ ಆದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಬ್ಯಾಗಿನಲ್ಲಿರಬೇಕು.

ಬ್ರೇಕ್ ಕಟ್ಟೆಯ ರಬ್ಬರಿನಲ್ಲಿ ಗೀರುಗಳು ಸವೆದು ನುಣ್ಣಗಾಗಿದ್ದರೆ ಹೊಸದು ಹಾಕಿಸಿ. ಲಿವರ್ ಪೂರ್ತಿ ಎಳೆದಾಗ ಹ್ಯಾಂಡಲ್ಲಿಗೆ ತಾಗಿದರೆ ಕೇಬಲ್ ಬಿಗಿ ಮಾಡಬೇಕು. ಚೈನಿನ ಹಳೇ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಗೆ ಒಂದು ಹನಿಯಂತೆ ಚೈನ್ ಆಯಿಲ್ ಹಾಕಿ, ಐದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ಒರೆಸದೆ ಬಿಟ್ಟರೆ ಬೆಂಗಳೂರಿನ ಧೂಳೆಲ್ಲ ಅಲ್ಲಿ ಬಂದು ಕೂರುತ್ತದೆ. ಡಬ್ಲ್ಯುಡಿ-40 ತುಕ್ಕು ಬಿಡಿಸಲು ಸರಿ, ಎಣ್ಣೆಯ ಬದಲಿಗೆ ಅಲ್ಲ. ಸುಮಾರು 200 ಕಿ.ಮೀ.ಗೊಮ್ಮೆ, ಜೋರು ಮಳೆಯಲ್ಲಿ ನೆನೆದ ಮರುದಿನವೂ, ಎಣ್ಣೆ ಬೇಕು.

ಇನ್ನು ಸೀಟು. ಹೊಸಬರಲ್ಲಿ ಹೆಚ್ಚಿನವರು ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿಸಿರುತ್ತಾರೆ. ಎರಡು ವಾರದಲ್ಲಿ ಮಂಡಿ ನೋವು, ‘ಸೈಕಲ್ ನನಗೆ ಆಗಲ್ಲ’. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲ್ ಕೆಳತುದಿಯಲ್ಲಿದ್ದರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತುಸುವೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಅಭ್ಯಾಸವಿಲ್ಲದವರಿಗೆ ಒಂದೇ ಸಲ ಏರಿಸಬೇಡಿ, ಎರಡೆರಡು ಸೆಂಟಿಮೀಟರ್ ಏರಿಸುತ್ತ ಬನ್ನಿ. ಮಂಡಿಯ ಮುಂಭಾಗ ನೋಯಿಸುವ ಇನ್ನೊಂದು ಸಂಗತಿ ಭಾರದ ಗೇರು. ನಿಮಿಷಕ್ಕೆ 70ರಷ್ಟು ಸುತ್ತು ಆರಾಮವಾಗಿ ತುಳಿಯುವ ಹಗುರ ಗೇರಿನಲ್ಲೇ ಹೋಗಲು ಹೇಳಿ. ಏರು ಕಂಡ ಮೇಲಲ್ಲ, ಏರು ಶುರುವಾಗುವ ಮುಂಚೆಯೇ ಗೇರು ಇಳಿಸಬೇಕು.

ಮಡ್‌ಗಾರ್ಡ್, ಹಿಂದಿನ ಕ್ಯಾರಿಯರ್, ಬೆಲ್ಲು ಇಲ್ಲದ ಸೈಕಲ್ ಆಫೀಸಿನ ಸೈಕಲ್ ಅಲ್ಲ. ದುಬಾರಿ ಸೈಕಲ್ಲುಗಳಲ್ಲೇ ಇವು ಇರುವುದಿಲ್ಲ ಅನ್ನುವುದು ತಮಾಷೆ. ಸೀರೆ, ಚೂಡಿದಾರ್ ಉಡುವವರಿಗೆ ನಡುಕಂಬಿ ತಗ್ಗಿರುವ ಲೇಡೀಸ್ ಸೈಕಲ್, ಹಿಂಚಕ್ರಕ್ಕೆ ಸೀರೆಗಾರ್ಡ್, ಚೈನ್ ಕವರ್ ಬೇಕೇ ಬೇಕು. ದುಪಟ್ಟಾ ಬ್ಯಾಗಿನೊಳಗೆ ಇರಲಿ.

ದಾರಿ ಹುಡುಕುವುದು

ಕಾರಿನ ದಾರಿ ಸೈಕಲ್ಲಿನ ದಾರಿಯಲ್ಲ. ಮ್ಯಾಪಿನಲ್ಲಿ ನಡಿಗೆಯ ದಾರಿ ಹಾಕಿ ನೋಡಿ, ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪಿನ ಹೀಟ್‌ಮ್ಯಾಪಿನಲ್ಲಿ (ಹೆಚ್ಚು ಜನ ಹೋಗುವ ರಸ್ತೆ ಎದ್ದು ಕಾಣುವ ನಕ್ಷೆ) ಜನ ಯಾವ ಒಳರಸ್ತೆ ಹಿಡಿಯುತ್ತಾರೆ ನೋಡಿ, ಆಮೇಲೆ ಭಾನುವಾರ ಬೆಳಿಗ್ಗೆ ಒಮ್ಮೆ ಹೋಗಿ ಬನ್ನಿ. ಒಂದು ಕಿಲೋಮೀಟರ್ ಸುತ್ತಾದರೂ ಬಡಾವಣೆಯ ಒಳರಸ್ತೆಯೇ ಇರಲಿ.

ಎಚ್‌ಎಸ್‌ಆರ್ ಬಡಾವಣೆಯಿಂದ ಬೆಳ್ಳಂದೂರಿನ ಐಟಿ ಪಾರ್ಕುಗಳಿಗೆ ಆರೇಳು ಕಿಲೋಮೀಟರ್. ಆ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್ ಕಡೆಗೆ ಪ್ರತ್ಯೇಕ ಸೈಕಲ್ ಪಥ ಬಂತು. ಪಥವನ್ನು ಬೇರ್ಪಡಿಸಲು ನೆಟ್ಟ ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿಯೂ ಬಂತು. ಹೊಸಬರಿಗೆ ‘ಅಲ್ಲಿ ಸೈಕಲ್ ಪಥ ಇದೆ’ ಎಂದು ಹೇಳಿ ಕಳಿಸಬೇಡಿ. ಸಾಧ್ಯವಾದಷ್ಟು ದೂರ ಬಡಾವಣೆಯೊಳಗೇ ಸಾಗಿ, ಬೇರೆ ದಾರಿಯಿಲ್ಲದ ಕಡೆ ಮಾತ್ರ ಸರ್ವೀಸ್ ರಸ್ತೆಗೆ ಇಳಿಯಬೇಕು. ಇಬ್ಬಲೂರಿನಂಥ ದೊಡ್ಡ ಜಂಕ್ಷನ್ನಿನಲ್ಲಿ ಇಳಿದು, ಪಾದಚಾರಿಯಾಗಿ ಸೈಕಲ್ ತಳ್ಳಿಕೊಂಡು ದಾಟುವುದರಲ್ಲಿ ಅವಮಾನವೇನಿಲ್ಲ. ಫ್ಲೈಓವರ್ ಹತ್ತಬೇಡಿ, ಕೆಳಗಿನ ರಸ್ತೆಯೇ ಲೇಸು.

ಜೊತೆಗೆ ಹೋಗುವಾಗ ಈ ನಾಲ್ಕನ್ನು ರಸ್ತೆಯಲ್ಲೇ ತೋರಿಸಿಕೊಡಿ, ಬಾಯಲ್ಲಿ ಹೇಳಿದರೆ ನಾಟುವುದಿಲ್ಲ:

1. ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗಬಾರದು. ಅಲ್ಲಿ ಮರಳು, ಗಾಜು, ಕುಸಿದ ಚರಂಡಿ ಕಲ್ಲು, ಚಕ್ರ ಸಿಕ್ಕಿಬೀಳುವ ಉದ್ದುದ್ದ ಸೀಳಿನ ಕಬ್ಬಿಣದ ಜಾಲರಿ ಇರುತ್ತವೆ. ಅಂಚಿನಿಂದ ಸುಮಾರು ಒಂದು ಮೀಟರ್ ಒಳಗೆ, ನೇರವಾದ ಗೆರೆಯಲ್ಲಿ. ಅಂಚಿನಲ್ಲಿದ್ದರೆ ವಾಹನಗಳು ಅದೇ ಪಥದಲ್ಲಿ ತೂರಿಕೊಂಡು ಹೋಗಲು ನೋಡುತ್ತವೆ. ಒಳಗಿದ್ದರೆ ಬಳಸಿಕೊಂಡು ಹೋಗುತ್ತವೆ.
2. ನಿಂತ ಕಾರುಗಳಿಂದಲೂ ಅಷ್ಟೇ ಅಂತರ. ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ, ಆಟೊ ಇಳಿಯುವವರಂತೂ ಹಿಂದೆ ನೋಡುವುದೇ ಇಲ್ಲ.
3. ಬಸ್ಸಿನ ಎಡಬದಿಯಿಂದ ಎಂದೂ ನುಗ್ಗಬಾರದು. ನಿಲ್ದಾಣಕ್ಕೆ ಸರಿಯುವ ಅಥವಾ ಎಡಕ್ಕೆ ತಿರುಗುವ ಬಸ್ಸಿನ ಚಾಲಕರಿಗೆ ನೀವು ಕಾಣುವುದಿಲ್ಲ. ಹಿಂದೆಯೇ ನಿಲ್ಲಿ.
4. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬಾರದು. ನಿಧಾನಿಸಿ, ಇಳಿದು, ನಾಯಿಗೂ ನಿಮಗೂ ನಡುವೆ ಸೈಕಲ್ ಇರುವಂತೆ ನಡೆಯಿರಿ. ಓಟ ನಿಂತರೆ ಅಟ್ಟುವುದೂ ಸಾಮಾನ್ಯವಾಗಿ ನಿಲ್ಲುತ್ತದೆ.

ಮೊದಲ ದಿನ ನೀವು ಮುಂದೆ, ಅವರು ಹಿಂದೆ. ಎರಡನೇ ಸಲ ಅವರನ್ನು ಮುಂದೆ ಬಿಟ್ಟು ನೀವು ಹಿಂದಿರಿ. ಅವರ ತಪ್ಪುಗಳು ಆಗಲೇ ಕಾಣುವುದು. ಮೂರನೇ ಸಲಕ್ಕೆ ನೀವು ಬೇಕಾಗಬಾರದು.

ದಿನವಾಗಿ ವಾರದ ಮಧ್ಯವನ್ನು ಆರಿಸಿ. ಸೋಮವಾರ ಮೀಟಿಂಗ್ ಹೆಚ್ಚು. ಮೊದಲ ತಿಂಗಳು ವಾರಕ್ಕೆ ಒಂದೇ ದಿನ ಸಾಕು. ಉತ್ಸಾಹದಲ್ಲಿ ಐದೂ ದಿನ ಬಂದವರು ಎರಡನೇ ವಾರ ಕುಂಡಿ ನೋವೆಂದು ಬಿಡುತ್ತಾರೆ. (ಅದಕ್ಕೆ ದಪ್ಪ ಜೆಲ್ ಕವರ್ ಮದ್ದಲ್ಲ, ಎರಡು ಮೂರು ವಾರ ಬಿಟ್ಟುಬಿಟ್ಟು ತುಳಿದರೆ ತಾನಾಗಿಯೇ ಒಗ್ಗುತ್ತದೆ.)

ಬೆಳಕಿನ ಮಾತು ಮರೆಯಬೇಡಿ. ನವೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಆರಕ್ಕೆ ಮುಂಚೆಯೇ ಮುಳುಗುತ್ತಾನೆ, ಜೂನಿನಲ್ಲೂ ಆರೂಮುಕ್ಕಾಲರ ಹೊತ್ತಿಗೆ. ಅಂದರೆ ಆಫೀಸಿನಿಂದ ಹಿಂತಿರುಗುವಾಗ ವರ್ಷವಿಡೀ ಲೈಟು ಬೇಕು: ಮುಂದೆ ಬಿಳಿ, ಹಿಂದೆ ಕೆಂಪು. ಯುಎಸ್‌ಬಿ ಲೈಟನ್ನು ಆಫೀಸಿನ ಮೇಜಿನ ಮೇಲೇ ಚಾರ್ಜಿಗೆ ಹಾಕುವುದು ರೂಢಿಯಾಗಲಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ, ಹಾಕಿಕೊಳ್ಳಿ.

ಬೆವರು

ಎಲ್ಲರೂ ಕೇಳುವ ಪ್ರಶ್ನೆ ಇದೇ. ಆಫೀಸಿನಲ್ಲಿ ಸ್ನಾನದ ಕೋಣೆ ಇಲ್ಲದಿದ್ದರೂ ನಡೆಯುತ್ತದೆ, ಎರಡು ಸಂಗತಿ ಗೊತ್ತಿದ್ದರೆ. ಒಂದು, ಬೆನ್ನಿನ ಮೇಲೆ ಬ್ಯಾಗ್ ಬೇಡ. ಲ್ಯಾಪ್‌ಟಾಪ್ ಬ್ಯಾಗನ್ನು ಕ್ಯಾರಿಯರಿಗೆ ಬಿಗಿದರೆ ಅಥವಾ ಪಕ್ಕಕ್ಕೆ ನೇತುಹಾಕುವ ಚೀಲದಲ್ಲಿಟ್ಟರೆ ಅಂಗಿಯ ಬೆನ್ನು ಒದ್ದೆಯಾಗುವುದು ಬಹುಪಾಲು ತಪ್ಪುತ್ತದೆ. ಗುಂಡಿಯ ಏಟು ಲ್ಯಾಪ್‌ಟಾಪಿಗೆ ತಾಗದಂತೆ ಸ್ಪಂಜಿನ ಕವರ್ ಇರಲಿ. ಎರಡು, ಇಳಿದ ಕೂಡಲೇ ಬಟ್ಟೆ ಬದಲಿಸಬೇಡಿ. ತುಳಿಯುವುದು ನಿಂತ ಮೇಲೆ ಹತ್ತು ಹದಿನೈದು ನಿಮಿಷ ಬೆವರು ಹರಿಯುತ್ತಲೇ ಇರುತ್ತದೆ, ಏಕೆಂದರೆ ಗಾಳಿ ನಿಂತಿರುತ್ತದೆ, ಮೈಯ ಬಿಸಿ ಇನ್ನೂ ಇಳಿದಿರುವುದಿಲ್ಲ. ಆಗಲೇ ಹೊಸ ಅಂಗಿ ತೊಟ್ಟರೆ ಅದೂ ಒದ್ದೆ. ಫ್ಯಾನಿನ ಕೆಳಗೆ ಕೂತು ನೀರು ಕುಡಿಯಿರಿ, ಮೈ ಆರಿದ ಮೇಲೆ ಒದ್ದೆ ಟವೆಲಿನಿಂದ ಒರೆಸಿಕೊಂಡು ಬಟ್ಟೆ ಬದಲಿಸಿ. ಕೊನೆಯ ಒಂದು ಕಿಲೋಮೀಟರ್ ಬೇಕೆಂದೇ ನಿಧಾನವಾಗಿ ತುಳಿದರೆ ಈ ಕಾಯುವ ಹೊತ್ತು ಅರ್ಧವಾಗುತ್ತದೆ.

ಸೈಕಲ್ ತರದ ದಿನ ಎರಡು ಜೊತೆ ಬಟ್ಟೆ, ಒಂದು ಜೊತೆ ಶೂ ತಂದು ಆಫೀಸಿನಲ್ಲಿಟ್ಟರೆ ದಿನವೂ ಹೊರುವುದು ತಪ್ಪುತ್ತದೆ. ಒದ್ದೆ ಟವೆಲನ್ನು ಕುರ್ಚಿಯ ಬೆನ್ನಿಗೆ ಹರಡಬೇಡಿ. ಸೈಕಲ್ಲಿನವರ ಬಗ್ಗೆ ಉಳಿದವರಿಗೆ ಸಿಟ್ಟು ಬರುವುದು ಇಂಥದ್ದಕ್ಕೇ.

ಮಳೆ

ಬೆಂಗಳೂರಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲಿನದು. ಏಪ್ರಿಲ್–ಮೇನಲ್ಲಿ, ಮತ್ತೆ ಆಗಸ್ಟಿನಿಂದ ಅಕ್ಟೋಬರ್‌ವರೆಗೆ, ಬೆಳಿಗ್ಗೆ ಒಣ ರಸ್ತೆಯಲ್ಲಿ ಬಂದವರು ಸಂಜೆ ಗುಡುಗಿಗೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ನಿಯಮ ಸರಳ: ಮಳೆ ಬಂದರೆ ಸೈಕಲ್ಲನ್ನು ಆಫೀಸಿನಲ್ಲೇ ಬಿಟ್ಟು ಬಸ್ಸಿನಲ್ಲೋ ಕ್ಯಾಬಿನಲ್ಲೋ ಹೋಗಿ, ಮರುದಿನ ಹಾಗೆಯೇ ಬಂದು ಸಂಜೆ ಸೈಕಲ್ಲಿನಲ್ಲಿ ಹಿಂತಿರುಗಿ. ಇದನ್ನು ಮೊದಲ ದಿನವೇ ಹೇಳಿಬಿಡಬೇಕು. ‘ಸೈಕಲ್ ತಂದಿದ್ದೇನೆ, ಸೈಕಲ್ಲಿನಲ್ಲೇ ಹೋಗಬೇಕು’ ಎಂದುಕೊಂಡವರು ಒಂದು ಸಂಜೆ ತೊಯ್ದು ಮನೆ ಸೇರಿದರೆ ಮತ್ತೆ ಬರುವುದಿಲ್ಲ. ಕೆಲವು ಟೆಕ್ ಪಾರ್ಕುಗಳಲ್ಲಿ ರಾತ್ರಿ ನಿಂತ ವಾಹನವನ್ನು ಎತ್ತಿಡುವ ಪದ್ಧತಿ ಇರಬಹುದು. ಸೈಕಲ್ಲಿಗೆ ವಿನಾಯಿತಿಯನ್ನು ಮುಂಚಿತವಾಗಿ ಬರಹದಲ್ಲಿ ಪಡೆಯಿರಿ.

ಹೊರಟೇ ಹೊರಡುವವರಿಗೆ: ಒದ್ದೆ ರಿಮ್ಮಿನ ಮೇಲೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮುಂಚೆಯೇ ಒತ್ತಿ. ಬಿಳಿ ಪಟ್ಟೆ ಮತ್ತು ಕಬ್ಬಿಣದ ಮುಚ್ಚಳಗಳ ಮೇಲೆ ತಿರುಗಿಸಬೇಡಿ. ತಳ ಕಾಣದ ನೀರಿಗೆ ಇಳಿಯಲೇಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ರಸ್ತೆ ಯಾವುದು, ಕಾಲುವೆ ಯಾವುದು ಗೊತ್ತಾಗದ ಹಾಗೆ ನೀರು ನಿಂತಿದ್ದನ್ನು ನೆನಪಿಸಿಕೊಳ್ಳಿ.

ಆಡಳಿತದವರನ್ನು ಕೇಳುವುದು

ಸ್ನಾನದ ಕೋಣೆ, ಲಾಕರ್, ಬಹುಮಾನ ಎಂದು ದೊಡ್ಡ ಪಟ್ಟಿ ಹಿಡಿದು ಹೋದರೆ ‘ಮುಂದಿನ ಬಜೆಟ್‌ನಲ್ಲಿ ನೋಡೋಣ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೊದಲು ಕೇಳಬೇಕಾದ್ದು ಒಂದು ಕಾರು ನಿಲ್ಲುವ ಜಾಗ. ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಆ ಚೌಕದಲ್ಲಿ ಎಂಟರಿಂದ ಹತ್ತು ಸೈಕಲ್ ನಿಲ್ಲುತ್ತವೆ.

ಸ್ಟ್ಯಾಂಡನ್ನು ಅಂಗಡಿಯಿಂದ ತರಿಸುವ ಅಗತ್ಯವಿಲ್ಲ, ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ಒಂದೂವರೆ ಇಂಚಿನ ಜಿಐ ಪೈಪನ್ನು ತಲೆಕೆಳಗಾದ ‘ಯು’ ಆಕಾರಕ್ಕೆ ಬಗ್ಗಿಸಿ, ನೆಲದಿಂದ 75 ಸೆಂ.ಮೀ. ಎತ್ತರ, 75ರಿಂದ 90 ಸೆಂ.ಮೀ. ಉದ್ದ ಇರುವಂತೆ ಕಾಂಕ್ರೀಟಿನಲ್ಲಿ ಹುಗಿಸಿ ಅಥವಾ ಆ್ಯಂಕರ್ ಬೋಲ್ಟ್ ಹಾಕಿಸಿ. ಎರಡು ಕಮಾನುಗಳ ನಡುವೆ ಒಂದು ಮೀಟರ್ ಬಿಡಿ. ಒಂದೊಂದಕ್ಕೆ ಎರಡು ಸೈಕಲ್, ಆಚೆಗೊಂದು ಈಚೆಗೊಂದು. ಸೈಕಲ್ಲಿನ ಫ್ರೇಮ್ ಮತ್ತು ಚಕ್ರ ಎರಡನ್ನೂ ಇದಕ್ಕೆ ಬೀಗ ಹಾಕಬಹುದು. ಮುಂಚಕ್ರವನ್ನಷ್ಟೇ ಸಿಕ್ಕಿಸುವ ತಗ್ಗು ಕಂಬಿಗಳ ಸ್ಟ್ಯಾಂಡ್ ಬೇಡವೆಂದು ಗಟ್ಟಿಯಾಗಿ ಹೇಳಿ: ಪಕ್ಕದವರು ತಳ್ಳಿದರೆ ಚಕ್ರ ಸೊಟ್ಟಗಾಗುತ್ತದೆ, ಡಿಸ್ಕ್ ಬ್ರೇಕಿನ ತಟ್ಟೆ ಬಾಗುತ್ತದೆ. ಗೋಡೆಗೆ ನೇತುಹಾಕುವ ಕೊಕ್ಕೆಯೂ ಬೇಡ, ಹದಿನೆಂಟು ಇಪ್ಪತ್ತು ಕೆ.ಜಿ.ಯ ಸಾದಾ ಸೈಕಲ್ಲನ್ನು ಎಲ್ಲರೂ ಎತ್ತಲಾರರು.

ಜಾಗ ಗೇಟಿನ ಹತ್ತಿರ, ಸೂರಿನ ಕೆಳಗೆ, ಕ್ಯಾಮೆರಾದ ಕಣ್ಣಿಗೆ ಬೀಳುವಂತಿರಲಿ. ಬೇಸ್‌ಮೆಂಟಿನ ಮೂರನೇ ಮಟ್ಟ ಎಂದರೆ ಒಪ್ಪಬೇಡಿ: ಇಳಿಜಾರು ಕಡಿದು, ಮಳೆಯಲ್ಲಿ ಎಪಾಕ್ಸಿ ನೆಲ ಜಾರುತ್ತದೆ. ಸೆಕ್ಯುರಿಟಿಯವರಿಗೆ ಬರಹದಲ್ಲಿ ಸೂಚನೆ ಹೋಗಬೇಕು, ಇಲ್ಲದಿದ್ದರೆ ಶಿಫ್ಟ್ ಬದಲಾದಾಗಲೆಲ್ಲ ಗೇಟಿನಲ್ಲಿ ಹೊಸದಾಗಿ ವಾದ.

ಸ್ಟ್ಯಾಂಡಿನ ಪಕ್ಕದ ಒಂದು ಡಬ್ಬಿಯಲ್ಲಿ ನಿಂತು ಹೊಡೆಯುವ ಪಂಪ್, ಮೂರು ಟೈರ್ ಲಿವರ್, ಪ್ಯಾಚ್, ಸಲ್ಯೂಷನ್ (ಪ್ಯಾಚ್ ಅಂಟಿಸುವ ಗೋಂದು), ಉಪ್ಪುಕಾಗದ, ಅಲೆನ್ ಕೀ ಜೊತೆ, 15 ಎಂಎಂ ಸ್ಪ್ಯಾನರ್, ಗುಂಪಿನಲ್ಲಿ ಹೆಚ್ಚು ಬಳಕೆಯ ಅಳತೆಯ ಎರಡು ಟ್ಯೂಬ್ ಇದ್ದರೆ ಸಾಕು. ಸಲ್ಯೂಷನ್ ಒಮ್ಮೆ ತೆರೆದರೆ ಕೆಲ ತಿಂಗಳಲ್ಲಿ ಒಣಗಿಹೋಗುತ್ತದೆ, ಆಗಾಗ ನೋಡಿ. ಪಂಪ್ ಕಳುವಾಗುವುದು ಖಚಿತ, ಸರಪಳಿ ಹಾಕಿ.

ಗುಂಪು ಮತ್ತು ಸ್ಪರ್ಧೆ

ತಿಂಗಳಿಗೆ ಅತಿ ಹೆಚ್ಚು ಕಿಲೋಮೀಟರ್ ತುಳಿದವರಿಗೆ ಬಹುಮಾನ ಎಂದು ಎಚ್‌ಆರ್‌ನವರು ಘೋಷಿಸುವುದುಂಟು. ಅದು ದಿನಕ್ಕೆ ನಲವತ್ತು ಕಿಲೋಮೀಟರ್ ತುಳಿಯುವ ಒಬ್ಬರಿಗೇ ಪ್ರತಿ ತಿಂಗಳು ಹೋಗುತ್ತದೆ; ನಾಲ್ಕು ಕಿಲೋಮೀಟರಿನಿಂದ ಬರುವವರು ಪಟ್ಟಿಯ ತಳದಲ್ಲಿ ತಮ್ಮ ಹೆಸರು ನೋಡಿ ಸುಮ್ಮನಾಗುತ್ತಾರೆ. ಎಣಿಸಲೇಬೇಕಿದ್ದರೆ ಬಂದ ದಿನಗಳನ್ನು ಎಣಿಸಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಎಂಟಕ್ಕೆ ಜೆ.ಪಿ. ನಗರದಿಂದ ಯಾರು ಬರ್ತೀರಿ’, ‘ಅಗರದ ಹತ್ತಿರ ರಸ್ತೆ ಅಗೆದಿದ್ದಾರೆ’ ಎಂಬಂಥ ಸಂದೇಶ ಬರಲಿ. ದುಬಾರಿ ಸೈಕಲ್ಲಿನ ಫೋಟೊ, ಬಿಗಿ ಜೆರ್ಸಿಯ ಚರ್ಚೆಗೆ ಬೇರೆ ಗುಂಪು ಮಾಡಿಕೊಳ್ಳಿ. ಸಾದಾ ಪ್ಯಾಂಟು ಅಂಗಿಯಲ್ಲಿ ಒಬ್ಬರು ಬರುವುದನ್ನು ಕಂಡರೆ ಉಳಿದವರಿಗೆ ‘ನಾನೂ ಬರಬಹುದು’ ಅನ್ನಿಸುತ್ತದೆ.

ದೂರದವರು

ಹತ್ತು ಹನ್ನೆರಡು ಕಿಲೋಮೀಟರ್ ಮೀರಿದವರಿಗೆ ಎರಡು ದಾರಿ. ಬ್ಯಾಟರಿ ಸೈಕಲ್ ಒಂದು. ಮೋಟಾರು 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವಂಥವಕ್ಕೆ ನೋಂದಣಿ, ಲೈಸೆನ್ಸ್ ಬೇಡ. ಬ್ಯಾಟರಿ ಕಳಚಿ ಮೇಲೆ ತರಬಹುದಾದದ್ದನ್ನೇ ಕೊಳ್ಳಲು ಹೇಳಿ, ಚಾರ್ಜಿಂಗ್ ಎಲ್ಲಿ ಮಾಡಬಹುದೆಂದು ಆಫೀಸಿನ ಅಗ್ನಿ ಸುರಕ್ಷತೆಯವರನ್ನು ಕೇಳಿಕೊಳ್ಳಿ.

ಇನ್ನೊಂದು ಮೆಟ್ರೊ. ಮಡಚುವ ಸೈಕಲ್ಲನ್ನು ನಮ್ಮ ಮೆಟ್ರೊದಲ್ಲಿ ಒಯ್ಯಲು 2022ರಲ್ಲಿ ಮೆಟ್ರೊ ನಿಗಮ ಬಿಎಂಆರ್‌ಸಿಎಲ್ ಅನುಮತಿ ಕೊಟ್ಟಿತು: ಕೊನೆಯ ಬೋಗಿಯಲ್ಲಿ, ಮಡಚಿದಾಗ 60×45×25 ಸೆಂ.ಮೀ. ಮೀರದಂತೆ, 15 ಕೆ.ಜಿ. ಒಳಗೆ. ಎಡವುವುದು ಇಲ್ಲೇ. 20 ಇಂಚಿನ ಚಕ್ರದ ಮಡಚುವ ಸೈಕಲ್ಲುಗಳು ಮಡಚಿದ ಮೇಲೂ ಈ ಅಳತೆಗಿಂತ ದೊಡ್ಡವು; ಚಕ್ರವೇ 45 ಸೆಂ.ಮೀ. ದಾಟುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಡಚಿಸಿ ಟೇಪು ಹಿಡಿದು ಅಳೆಯಿರಿ, ನಿಮ್ಮ ನಿಲ್ದಾಣದ ಸಿಬ್ಬಂದಿಯನ್ನೂ ಒಂದು ಮಾತು ಕೇಳಿ. ಅಳತೆ ಹೊಂದದಿದ್ದರೆ ಹಳೆಯದೊಂದು ಸಾದಾ ಸೈಕಲ್ಲನ್ನು ನಿಲ್ದಾಣದ ಪಾರ್ಕಿಂಗಿನಲ್ಲಿ ಗಟ್ಟಿ ಬೀಗ ಹಾಕಿ ಬಿಡುವುದೇ ಅಗ್ಗ. ಮನೆಯಿಂದ ನಿಲ್ದಾಣಕ್ಕಿರುವ ಎರಡು ಮೂರು ಕಿಲೋಮೀಟರಿನ ಆಟೊ ಚೌಕಾಸಿ ಅಷ್ಟಕ್ಕೇ ತಪ್ಪುತ್ತದೆ.